ಮನಸ್ಸಿಟ್ಟು ದುಡಿಯಬೇಕಾದರೆ

ಕಾರ್ಮಿಕರು ಮನಸ್ಸಿಟ್ಟು ಕೆಲಸ ಮಾಡುತ್ತಿಲ್ಲವೆಂಬುದು ಮಾಲೀಕ ವರ್ಗದ ಹಳೆಯ ದೂರು. ಈ ರೋಗಕ್ಕೆ ಈಗ ಹೊಸ ಮದ್ದು ಬಂದಿದೆ. ಹಿಂದೆ ಲೇಬರ್ ಆಫೀಸರ್ ಎನಿಸಿಕೊಂಡಿದ್ದವರು ಇಂದು ಮಾನವ ಸಂಪನ್ಮೂಲ ಮ್ಯಾನೇಜರರಾಗಿದ್ದಾರೆ. ಕಾರ್ಮಿಕರಲ್ಲಿ ಉತ್ಸಾಹ ತುಂಬುವುದು ಅವರ ಹೊಣೆಯಂತೆ. ಅದಕ್ಕಾಗಿ ಆಟೋಟ, ಹುಟ್ಟುಹಬ್ಬದ ಕೇಕು, ಗೋಡೆಯ ಮೇಲೆ ಘೋಷವಾಕ್ಯ, ವರ್ಷಕ್ಕೊಮ್ಮೆ ಉತ್ತಮ ನೌಕರನಿಗೆ ಶಾಲು. ಇವನ್ನು ನಾವು ಹಳಿಯುವುದಿಲ್ಲ. ಆದರೆ ಬಟವಾಡೆಯ ದಿನ ನಾಲ್ಕು ದಿನದ ಹಾಜರಿಯೇ ಕಾಣೆಯಾಗಿದ್ದರೆ ಕೇಕಿನ ಸಿಹಿ ಎಷ್ಟು ಹೊತ್ತು ನಿಂತೀತು?

ಉದಾಹರಣೆಗೆ ದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಗಾಜುಗಳು ಪುಡಿಯಾದವು, ವಾಹನಗಳಿಗೆ ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಅವರೆಲ್ಲ ಪುಂಡರೆಂದು ಆ ದಿನ ಹೇಳಿದವರು ಹಲವರು. ಆದರೆ ಸರ್ಕಾರದ ಕಾರ್ಖಾನೆಗಳ ಇಲಾಖೆ ಹೋಗಿ ನೋಡಿದಾಗ ಕಂಡದ್ದೇನು? ಸ್ವಲ್ಪ ಕಾಲದಲ್ಲೇ ದುಡಿಯುವವರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಹಾಜರಿಯ ವ್ಯವಸ್ಥೆ ಕೆಟ್ಟಿತ್ತು. ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ಮಾನವ ಸಂಪನ್ಮೂಲ ವಿಭಾಗದಲ್ಲೇ ಸಾಕಷ್ಟಿರಲಿಲ್ಲ!

ವಾರ ಕಳೆಯುವಷ್ಟರಲ್ಲಿ ಕಂಪನಿಯೇ ತಪ್ಪೊಪ್ಪಿಕೊಂಡಿತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಹೋಗಿಲ್ಲವೆಂದು ಹೇಳಿ ಕ್ಷಮೆ ಕೇಳಿತು. ಹಿರಿಯ ಅಧಿಕಾರಿಯೊಬ್ಬರನ್ನು ತೆಗೆಯಿತು. ದೂರು ಹೇಳಲು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದಿನವಿಡೀ ದೂರವಾಣಿ ಸೌಕರ್ಯ ಮಾಡುವುದಾಗಿ ಪ್ರಕಟಿಸಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಕೈಗೆ ಹೋಯಿತು. ನಮ್ಮ ಪ್ರಶ್ನೆ ಒಂದೇ: ಕಲ್ಲು ಬಿದ್ದ ಮೇಲೆ ತೆರೆದ ಕಿವಿ, ಬೀಳುವ ಮೊದಲು ಏಕೆ ತೆರೆಯಲಿಲ್ಲ?

ಕಿವಿ ತೆರೆಯುವ ದಾರಿಯನ್ನು ಕಾನೂನು ಹೇಳಿಯೇ ಇದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲೇ ಕಾರ್ಖಾನೆ ಸಮಿತಿಗಳ ಮಾತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಸಂಹಿತೆಗಳು ಮುಷ್ಕರದ ಹಕ್ಕನ್ನು ಬಿಗಿಗೊಳಿಸಿವೆ. ಅದು ನಮಗೆ ಒಪ್ಪಿಗೆಯಿಲ್ಲ. ಆದರೆ ಅವುಗಳಲ್ಲಿರುವ ಒಳ್ಳೆಯದನ್ನು ಬಿಡಬಾರದು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು. ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರಬೇಕು. ಅಧ್ಯಕ್ಷತೆ ವರ್ಷಕ್ಕೊಮ್ಮೆ ಆ ಕಡೆಯಿಂದ ಈ ಕಡೆಗೆ ಬರಬೇಕು. ಹೆಂಗಸರು ತಮ್ಮ ಸಂಖ್ಯೆಗೆ ತಕ್ಕಷ್ಟಾದರೂ ಇರಬೇಕು. ದೂರು ಕೊಟ್ಟ 30 ದಿನದೊಳಗೆ ವಿಚಾರಣೆ ಮುಗಿಯಬೇಕು. ಕಾರ್ಮಿಕ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪದೆ ತೀರ್ಮಾನವಿಲ್ಲ.

ಮ್ಯಾನೇಜರರು ನಿಜವಾಗಿ ಉತ್ಸಾಹ ಬಯಸುವುದಾದರೆ ಇಲ್ಲಿಂದ ಆರಂಭಿಸಲಿ. ಸಮಿತಿ ಕಾಗದದಲ್ಲಿ ಮಾತ್ರ ಇರದಿರಲಿ. ಅದಕ್ಕೆ ಹೇಳಿದವರನ್ನೇ ಸದಸ್ಯರೆಂದು ಆರಿಸದಿರಲಿ. ಸಂಬಳದ ಚೀಟಿ ಓದಿದರೆ ತಿಳಿಯುವ ಕನ್ನಡದಲ್ಲಿರಲಿ. ಓವರ್‌ಟೈಮಿನ ಇಮ್ಮಡಿ ದರ ಅದರಲ್ಲಿ ಬೇರೆಯಾಗಿ ಕಾಣಲಿ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಲಿ. ಪಾಳಿ ಬದಲಿಸುವ ಮೊದಲು ಪಾಳಿಯಲ್ಲಿ ನಿಲ್ಲುವವರನ್ನು ಕೇಳಲಿ. "ನಿನ್ನ ಗುತ್ತಿಗೆದಾರನನ್ನು ಕೇಳು ಹೋಗು" ಎಂಬ ಉತ್ತರ ನಿಲ್ಲಲಿ. ಗುತ್ತಿಗೆದಾರ ಕೈಕೊಟ್ಟರೆ ಕೂಲಿ ಕೊಡಬೇಕಾದವನು ಮುಖ್ಯ ಮಾಲೀಕನೇ ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ.

ಇದು ಗಿರಣಿಯ ಗೇಟಿನೊಳಗಿನ ಸಂಗತಿ ಮಾತ್ರವೆಂದು ಪೇಟೆಯ ವರ್ತಕ ಮಿತ್ರರು ತಿಳಿಯಬಾರದು. ಬಟವಾಡೆ ಹತ್ತು ದಿನ ತಡವಾದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಪುಟಗಳು ತುಂಬುತ್ತವೆ. ಸಾಲಕ್ಕೆ ಅಕ್ಕಿ ಕೊಟ್ಟ ಅಂಗಡಿಯವನು ಮಂಡಿಗೆ ಬಡ್ಡಿ ಕಟ್ಟುತ್ತಾನೆ. ಕಾರ್ಮಿಕನ ಚೀಟಿಯಲ್ಲಿ ಕಡಿಮೆಯಾದ ರೂಪಾಯಿ ಇಡೀ ಊರಿನ ವ್ಯಾಪಾರದಲ್ಲಿ ಕಡಿಮೆಯಾಗುತ್ತದೆ.

ಕಾರ್ಮಿಕ ಬಂಧುಗಳಿಗೂ ಒಂದು ಮಾತು. ನರಸಾಪುರದಲ್ಲಿ ಮುರಿದದ್ದು ಮಾಲೀಕರ ಗಾಜು. ಜೈಲು ಕಂಡವರು ನಮ್ಮ ಹುಡುಗರು. ಕಲ್ಲಿಗೆ ಕೇಸು ಬೀಳುತ್ತದೆ. ಬರೆದು ಕೊಟ್ಟು ಸ್ವೀಕೃತಿ ಪಡೆದ ದೂರಿಗೆ ಉತ್ತರ ಕೊಡಲೇಬೇಕಾಗುತ್ತದೆ. ಆದ್ದರಿಂದ ನಿಮ್ಮ ಕಾರ್ಖಾನೆಯಲ್ಲಿ ಸಮಿತಿ ಇದೆಯೇ, ಅದರಲ್ಲಿ ಯಾರಿದ್ದಾರೆ, ಕಡೆಯ ಬಾರಿ ಸೇರಿದ್ದು ಯಾವಾಗ ಎಂದು ಈ ವಾರವೇ ವಿಚಾರಿಸಿ. ಇಲ್ಲದಿದ್ದರೆ ಸಂಘದ ಮೂಲಕ ಬರಹದಲ್ಲಿ ಕೇಳಿ.

ಕೈಯನ್ನು ಕೂಲಿಗೆ ಪಡೆಯಬಹುದು, ಮನಸ್ಸನ್ನು ಪಡೆಯಲಾಗದು. ಲೆಕ್ಕ ಸರಿಯಿದ್ದು, ಮಾತಿಗೆ ಬೆಲೆಯಿದ್ದ ಕಡೆ ಅದು ತಾನಾಗಿ ಬರುತ್ತದೆ. ಮ್ಯಾನೇಜರರು ಇದನ್ನು ಮನಗಾಣಲಿ.