ಮುನ್ನೋಟಕ್ಕೆ ಮಳೆಗಾಲ ಕಾಣದೇ?

ಸರ್ಕಾರದ ಸೇವೆಗಳೆಲ್ಲವೂ ಒಂದೊಂದಾಗಿ ಗಣಕಯಂತ್ರದ ಪರದೆಯನ್ನು ಏರುತ್ತಿರುವ ಕಾಲವಿದು. ಪಹಣಿ, ಪಡಿತರ, ಪಿಂಚಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆಹಾನಿಯ ಪರಿಹಾರ, ಯಾವುದನ್ನು ಕೇಳಿದರೂ ‘ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ’ ಎಂಬುದೇ ಉತ್ತರ. ಮುಂದಿನ ದಶಕಗಳಲ್ಲಿ ಯಾವ ತಂತ್ರಜ್ಞಾನ ಬರಲಿದೆ, ಅದಕ್ಕೆ ತಕ್ಕಂತೆ ಆಡಳಿತ ಹೇಗೆ ಸಜ್ಜಾಗಬೇಕು ಎಂದು ಈಗಲೇ ಊಹಿಸಿ ಯೋಜಿಸುವ ವಿದ್ಯೆಗೆ ‘ತಂತ್ರಜ್ಞಾನ ಮುನ್ನೋಟ’ ಎಂದು ಹೆಸರು. ಮುಂದಾಲೋಚನೆ ಬೇಡವೆನ್ನುವವರು ಯಾರು? ನಮ್ಮ ಪ್ರಶ್ನೆ ಬೇರೆ. ಈ ಮುನ್ನೋಟ ಯಾರ ಕಣ್ಣಿನದು? ಯಾವ ಊರಿನಲ್ಲಿ, ಯಾವ ಋತುವಿನಲ್ಲಿ ನಿಂತು ನೋಡಿದ್ದು?

ಈ ವಿದ್ಯೆಯ ಒಂದು ಮುಖ್ಯ ಬೇರು 1950ರ ದಶಕದ ಅಮೆರಿಕದಲ್ಲಿದೆ. ಅಲ್ಲಿನ ರ‍್ಯಾಂಡ್ ಸಂಸ್ಥೆ ಸೇನೆಯ ಅಗತ್ಯಕ್ಕಾಗಿ ರೂಪಿಸಿದ ‘ಡೆಲ್ಫಿ’ ವಿಧಾನದಲ್ಲಿ ಆಯ್ದ ತಜ್ಞರಿಗೆ ಸುತ್ತು ಸುತ್ತಾಗಿ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಮತ್ತೆ ಅವರ ಮುಂದಿಟ್ಟು, ಒಮ್ಮತದತ್ತ ಸಾಗುತ್ತಾರೆ. ಜಪಾನ್ 1970ರ ದಶಕದ ಆರಂಭದಿಂದಲೇ ಇದನ್ನು ರಾಷ್ಟ್ರಮಟ್ಟದಲ್ಲಿ ನಡೆಸುತ್ತ ಬಂದಿದೆ. ನಮ್ಮ ದೇಶದಲ್ಲಿ 1988ರಲ್ಲಿ ಸ್ಥಾಪನೆಯಾದ ಟೈಫ್ಯಾಕ್ ಸಂಸ್ಥೆ, ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇತೃತ್ವದಲ್ಲಿ, 1996ರಲ್ಲಿ 2020ನೇ ಇಸವಿಯ ತಂತ್ರಜ್ಞಾನ ದರ್ಶನವನ್ನು ದೇಶದ ಮುಂದಿಟ್ಟಿತು. ಈ ವಿಧಾನದ ಕೊರತೆ ಅದರ ಹುಟ್ಟಿನಲ್ಲಿಯೇ ಇದೆ. ತಜ್ಞರನ್ನು ಕೇಳಿದರೆ ತಜ್ಞರಿಗೆ ತಿಳಿದುದಷ್ಟೇ ದೊರೆಯುತ್ತದೆ. ಯಾವ ಯಂತ್ರ ಯಾವ ವರ್ಷಕ್ಕೆ ಸಿದ್ಧವಾದೀತೆಂದು ಅವರು ಹೇಳಬಲ್ಲರು. ಆ ಯಂತ್ರ ಕೆಟ್ಟ ದಿನ ಯಾರ ಮನೆಯ ಒಲೆ ಉರಿಯದೆಂದು ಹೇಳಲಾರರು.

ನಮ್ಮ ರಾಜ್ಯದ್ದೇ ನಿದರ್ಶನ ನೋಡೋಣ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ದೊರೆಯತೊಡಗಿತು. ಲಂಚ ತಗ್ಗಿತು, ತಿದ್ದುಪಡಿಯ ಕಳ್ಳಾಟಕ್ಕೆ ತಡೆ ಬಿತ್ತು. ಇದನ್ನು ಒಪ್ಪದಿರುವುದು ಅಪ್ರಾಮಾಣಿಕತೆಯಾದೀತು. ಆದರೆ ಕಿಂಡಿ ತೆರೆದ ದಿನದಿಂದಲೇ ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಅಸಿಂಧುವಾಯಿತು. ಊರಿನಲ್ಲಿಯೇ ಸಿಗುತ್ತಿದ್ದ ಕಾಗದಕ್ಕಾಗಿ ಘಟ್ಟದ ರೈತ ಒಂದು ದಿನದ ಕೂಲಿ ಕಳೆದುಕೊಂಡು, ಎರಡು ಬಸ್ಸು ಬದಲಿಸಿ, ತಾಲ್ಲೂಕಿಗೆ ಹೋಗಬೇಕಾಯಿತು. ಹೋಬಳಿ ಮಟ್ಟಕ್ಕೆ ‘ನೆಮ್ಮದಿ’ ಕೇಂದ್ರಗಳು ಬರಲು ಇನ್ನೂ ಕೆಲವು ವರ್ಷಗಳು ಹಿಡಿದವು. ಹಳ್ಳಿಗೆ ‘ಗ್ರಾಮ ಒನ್’ ಬಂದದ್ದು 2022ರಲ್ಲಿ. ಹಳ್ಳಿಯಿಂದ ಒಯ್ದ ಸೇವೆಯನ್ನು ಹಳ್ಳಿಗೆ ಮರಳಿಸಲು ಎರಡು ದಶಕ! ಇತ್ತ ಬೆಂಗಳೂರಿನ ಸುತ್ತಮುತ್ತ ದೊಡ್ಡ ಕೊಳ್ಳುಗರಿಗೆ ಭೂಮಿ ಗುರುತಿಸಿ ಕೈವಶ ಮಾಡಿಕೊಳ್ಳುವುದು ಇದರಿಂದ ಸುಲಭವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿಯೇ ಎಚ್ಚರಿಸಿದ್ದರು. ಮುನ್ನೋಟ ಯಂತ್ರವನ್ನು ಕಂಡಿತ್ತು, ದಾರಿಯನ್ನು ಕಾಣಲಿಲ್ಲ.

ದಾರಿಯಷ್ಟೇ ಅಲ್ಲ, ನಮ್ಮ ನೆಲದ ಬಗೆಯೂ ಅದಕ್ಕೆ ಅಪರಿಚಿತ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಜಮ್ಮಾ ಬಾಣೆ, ಇವು ಒಡೆತನವೂ ಅಲ್ಲದ, ಬರಿಯ ಅನುಭೋಗವೂ ಅಲ್ಲದ, ತಲೆಮಾರುಗಳಿಂದ ಬಂದ ಸಂಬಂಧಗಳು. ಗಣಕದ ಕಲಮು ‘ಹೌದು’ ಅಥವಾ ‘ಅಲ್ಲ’ ಎಂಬ ಎರಡೇ ಉತ್ತರ ಬಲ್ಲದು. ಕಾಗದದ ಕಡತದಲ್ಲಿ ಅಂಚಿನಲ್ಲೊಂದು ಷರಾ ಬರೆಯಲು ಜಾಗವಿತ್ತು. ಪರದೆಯಲ್ಲಿ ಅಂಚೇ ಇಲ್ಲ.

ಪಡಿತರದ ಅಂಗಡಿಗೆ ಬನ್ನಿ. ಕೇಂದ್ರ ಸರ್ಕಾರದ್ದೇ ಆದ 2016-17ರ ಆರ್ಥಿಕ ಸಮೀಕ್ಷೆ, ಬೆರಳಚ್ಚಿನ ದೃಢೀಕರಣ ವಿಫಲವಾಗುವ ಪ್ರಮಾಣ ಜಾರ್ಖಂಡ್‌ನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37 ಎಂಬ ಅಂದಾಜುಗಳನ್ನು ದಾಖಲಿಸಿತು. ದೇಹಶ್ರಮದಲ್ಲಿ ಬೆರಳು ಸವೆಯುತ್ತದೆ ಎಂಬುದನ್ನು ತಿಳಿಯಲು ಪ್ರಶ್ನಾವಳಿಯ ಸುತ್ತುಗಳು ಬೇಕಿದ್ದವೇ? ಅಡಿಕೆ ಸುಲಿದು ಚೊಗರು ಹತ್ತಿದ, ಕತ್ತಿ ಹಿಡಿದು ಸವೆದ ಕೈಯುಳ್ಳ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಇಂಥವರಿಗೆ ವಿನಾಯಿತಿ ನೀಡಬೇಕೆಂಬ ಸುತ್ತೋಲೆಗಳಿವೆಯಲ್ಲ ಎನ್ನಬಹುದು. ಇವೆ. ಆದರೆ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಅಜ್ಜಿಯ ಕೈಯಲ್ಲಿ ಇರುವುದು ಖಾಲಿ ಚೀಲವೇ ಹೊರತು ಸುತ್ತೋಲೆಯಲ್ಲ.

ಇನ್ನು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಮುಂಗಾರಿನ ನಾಲ್ಕೇ ತಿಂಗಳಲ್ಲಿ. ಮರ ಮುರಿದರೆ ವಿದ್ಯುತ್ ಹೋಗುತ್ತದೆ, ವಿದ್ಯುತ್ ಹೋದರೆ ಗೋಪುರ ಮೂಕವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿಯಿತು. ಗುಡ್ಡ ಕುಸಿದಾಗ ರಸ್ತೆ, ತಂತಿ, ಗೋಪುರ ಒಟ್ಟಿಗೇ ಹೋಗುತ್ತವೆ. ಸರ್ಕಾರದ ನೆರವು ಅತ್ಯಂತ ಬೇಕಾದ ಆ ಗಳಿಗೆಯಲ್ಲಿಯೇ ನೆರವು ಕೇಳುವ ಏಕೈಕ ಬಾಗಿಲು ಮುಚ್ಚಿರುತ್ತದೆ. ಇದು ಆಕಸ್ಮಿಕವಲ್ಲ, ಪ್ರತಿ ವರ್ಷವೂ ಬರುವ ಆಷಾಢ. ಪಂಚಾಂಗಕ್ಕೆ ಕಾಣುವುದು ಮುನ್ನೋಟಕ್ಕೆ ಕಾಣದೆಂದರೆ ಅದನ್ನು ಮುನ್ನೋಟವೆಂದು ಏಕೆ ಕರೆಯಬೇಕು?

‘ನೀವು ಪ್ರಗತಿಯ ವಿರೋಧಿಗಳು’ ಎಂಬ ಹಳೆಯ ಆರೋಪ ಮತ್ತೆ ಬರಲಿದೆ. ಇಲ್ಲ. ಮನೆಯಲ್ಲಿ ಕುಳಿತೇ ಪಹಣಿ ನೋಡುವ ಅನುಕೂಲವನ್ನು ನಾವು ಬಲ್ಲೆವು, ಬಳಸುತ್ತೇವೆ. ನಮ್ಮ ವಿರೋಧ ಯಂತ್ರಕ್ಕಲ್ಲ, ಯಂತ್ರವೊಂದೇ ದಾರಿ ಎಂಬ ಹಟಕ್ಕೆ. ಈ ಹಟಕ್ಕೆ ಮದ್ದು ನಮ್ಮ ಕಾನೂನಿನಲ್ಲಿಯೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿ ಏನೆನ್ನುತ್ತದೆ? ಉಪಗ್ರಹ ಚಿತ್ರದಂಥ ತಂತ್ರಜ್ಞಾನವು ಅರ್ಜಿದಾರನ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಸ್ಥಾನವನ್ನು ಅದು ಆಕ್ರಮಿಸುವಂತಿಲ್ಲ. ಊರ ಹಿರಿಯನ ಹೇಳಿಕೆಯೂ ಆ ನಿಯಮಗಳಡಿ ಸಾಕ್ಷ್ಯವೇ. ಕಾಡಿನ ಹಕ್ಕಿಗೆ ಒಪ್ಪಿದ ಈ ನ್ಯಾಯ ಪಡಿತರಕ್ಕೆ, ಪಿಂಚಣಿಗೆ, ಪರಿಹಾರಕ್ಕೆ ಏಕೆ ಸಲ್ಲದು?

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟು. ಯಂತ್ರ ಪೂರಕವೇ ಹೊರತು ಕಾಗದಕ್ಕೆ ಬದಲಿಯಲ್ಲ ಎಂಬ ನಿಯಮ ಪ್ರತಿಯೊಂದು ಸೇವೆಗೂ ಅನ್ವಯವಾಗಲಿ. ಕೈಬರಹದ ಅರ್ಜಿಯನ್ನು ಪಂಚಾಯಿತಿಯಲ್ಲಿ ಸ್ವೀಕರಿಸಿ ಸಹಿ ಮಾಡಿದ ರಸೀದಿ ಕೊಡಲಿ. ಹೊಸ ಸೇವೆಯ ಪರೀಕ್ಷೆ ಬೇಸಿಗೆಯಲ್ಲಿ, ರಾಜಧಾನಿಯಲ್ಲಿ ಬೇಡ. ಆಷಾಢದಲ್ಲಿ, ಘಟ್ಟದ ಹಳ್ಳಿಯಲ್ಲಿ ನಡೆಯಲಿ. ಯೋಜನೆಯ ಕರಡು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಎಷ್ಟು ಮಂದಿ ಸೇವೆ ಪಡೆದರೆಂಬ ಲೆಕ್ಕದ ಪಕ್ಕದಲ್ಲಿಯೇ ಎಷ್ಟು ಮಂದಿ ಬರಿಗೈಯಲ್ಲಿ ಮರಳಿದರೆಂಬ ಲೆಕ್ಕವೂ ಪ್ರತಿ ತಿಂಗಳು ಪ್ರಕಟವಾಗಲಿ.

ಊರಿನವರಿಗೆ ಭವಿಷ್ಯ ನೋಡಲು ಬಾರದೆನ್ನುವವರು ಬೇಡ್ತಿಯನ್ನು ನೆನೆಯಲಿ. 1981ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಜೊತೆಯಾಗಿ ಕುಳಿತು ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ-ನಷ್ಟಗಳನ್ನು ತೂಗಿದರು. ಆ ಯೋಜನೆ ಅಂದು ನಿಂತಿತು. ಅದಲ್ಲವೇ ನಿಜವಾದ ಮುನ್ನೋಟ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ಮಳೆಗಾಲದಲ್ಲಿ ನಿಮ್ಮ ಊರಿನಲ್ಲಿ ಒಂದು ನೋಟುಪುಸ್ತಕ ಇಡಿ. ಯಾವ ದಿನ, ಯಾವ ಸೇವೆ, ಏನು ಕಾರಣ, ಎಷ್ಟು ಜನ ಮರಳಿದರು, ಇಷ್ಟನ್ನೇ ಬರೆಯಿರಿ. ಯಾರ ಹೆಸರೂ ಬೇಡ. ದೀಪಾವಳಿಯ ಹೊತ್ತಿಗೆ ಹತ್ತು ಊರುಗಳ ಪುಸ್ತಕಗಳು ಒಂದೆಡೆ ಸೇರಿದರೆ, ಮಾಹಿತಿ ಹಕ್ಕಿನಡಿ ಸರ್ಕಾರದಿಂದ ಪಡೆದ ಲೆಕ್ಕದೊಡನೆ ಅವನ್ನು ಹೋಲಿಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದೋಣ. ನಾಳೆಯ ಆಡಳಿತದ ನಕ್ಷೆ ಬರೆಯುವವರ ಮೇಜಿನ ಮೇಲೆ ಆ ಪುಸ್ತಕಗಳೂ ಇರಲಿ.