ಬ್ರೋ, ಲಿಸ್ಟಲ್ಲಿ ನನ್ನ ಹೆಸರಿದೆಯಾ?

1/6

ಫೋಟೋದಲ್ಲಿ ಕಾಣ್ತಿರೋದು ನನ್ನ ಫೋನ್. ಶನಿವಾರ ಸಂಜೆ 6 ಗಂಟೆ. ಓದದೇ ಬಿದ್ದಿರೋ ಮೆಸೇಜು 212. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: "ಬ್ರೋ, ಲಿಸ್ಟಲ್ಲಿ ಹೆಸರು ಹಾಕ್ತೀಯಾ?"

ಕ್ಲಬ್ ಪ್ರಮೋಟರ್ ಅಂದ್ರೆ ನಿಜಕ್ಕೂ ಏನು ಮಾಡ್ತೀರಿ ಅಂತ ಹೋದ ಪೋಸ್ಟಿಗೆ ತುಂಬ ಜನ ಕೇಳಿದ್ರಿ. ನಾನು ಡಿಜೆ ಅಲ್ಲ, ಮಾಲೀಕ ಅಲ್ಲ, ಮ್ಯಾನೇಜರೂ ಅಲ್ಲ. ಜಾಗ ಅವರದು, ಜನ ನಮ್ಮವರು. ಇಂದಿರಾನಗರದ 100 ಅಡಿ ರಸ್ತೆಯಲ್ಲೋ, ಕೋರಮಂಗಲದಲ್ಲೋ, ಚರ್ಚ್ ಸ್ಟ್ರೀಟಲ್ಲೋ ಯಾವುದೋ ಒಂದು ಜಾಗ ಬುಧವಾರ ರಾತ್ರಿ ನೊಣ ಹೊಡೀತಾ ಕೂತಿರುತ್ತೆ. ಅದನ್ನ ತುಂಬಿಸೋದು ನಮ್ಮ ಕೆಲಸ. ತಲೆಗಿಷ್ಟು ಅಂತ ದುಡ್ಡು. ಟೇಬಲ್ ಬುಕ್ ಮಾಡಿಸಿದ್ರೆ ಬಿಲ್ಲಲ್ಲಿ ಒಂದು ಪಾಲು. ಅದು ಕೈಗೆ ಬರೋದು ಹದಿನೈದು ದಿನಕ್ಕೆ, ಇಲ್ಲಾ ತಿಂಗಳಿಗೆ, ಕೆಲವು ಸಲ "ನೋಡೋಣ ಮಗಾ"ಗೆ.

ಇನ್ನೊಂದು ಲೆಕ್ಕಾನೂ ಬಿಚ್ಚಿ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದಕ್ಕೆಲ್ಲ ಅದೇ ಬುಡ. ಲೇಡೀಸ್ ನೈಟ್ ದಿನ ಹುಡುಗಿಯರಿಗೆ ಎಂಟ್ರಿ ಫ್ರೀ, ಒಂದು ಹೊತ್ತಿನವರೆಗೆ ಡ್ರಿಂಕ್ಸೂ ಫ್ರೀ. ಜೋಡಿಯಾಗಿ ಬಂದವರಿಗೆ ರಿಯಾಯಿತಿ. ಒಂಟಿ ಗಂಡಸಿಗೆ ನಮ್ಮ ಭಾಷೆಯಲ್ಲಿ 'ಸ್ಟ್ಯಾಗ್' ಅಂತೀವಿ, ಅವನು ಪೂರ್ತಿ ಕವರ್ ಚಾರ್ಜ್ ಕಟ್ಟಬೇಕು. ಅಂದ್ರೆ ಒಳಗೆ ಹುಡುಗಿಯರಿದ್ದಾರೆ ಅನ್ನೋದನ್ನ ನಾವು ಹೊರಗಿರೋ ಗಂಡಸರಿಗೆ ಮಾರ್ತೀವಿ. ಎಷ್ಟು ಬಣ್ಣ ಬಳಿದ್ರೂ ವ್ಯಾಪಾರ ಅಷ್ಟೇ. "ಸ್ತ್ರೀಶಕ್ತಿಗೆ ನಮ್ಮ ಸಲಾಂ" ಅಂತ ಪೋಸ್ಟರ್ ಹಾಕೋ ಪ್ರಮೋಟರ್‌ಗಳನ್ನ ನೋಡಿದ್ರೆ ನಗು ಬರುತ್ತೆ. ಮಹಿಳಾ ದಿನಕ್ಕೆ ನಾನೂ ಒಂದು ಹಾಕಿದ್ದೀನಿ, ಹಳೇ ಪೋಸ್ಟಲ್ಲಿ ಹುಡುಕಿದ್ರೆ ಸಿಗುತ್ತೆ.

2/6

ಇದು ಅರಸೀಕೆರೆ, ನಮ್ಮ ಮನೆ ಮುಂದಿನ ಜಗಲಿ. ಕೊಬ್ಬರಿ ಚೀಲದ ಪಕ್ಕ ಕೂತಿರೋದು ಅಪ್ಪ. ಮುಖ ಕಾಣದ ಹಾಗೆ ತೆಗೆದಿದ್ದೀನಿ, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ನಮ್ಮ ಕಡೆ 'ಕ್ಲಬ್' ಅಂದ್ರೆ ಇಸ್ಪೀಟ್ ಕ್ಲಬ್. 'ಲೈವ್ ಬ್ಯಾಂಡ್' ಅಂದ್ರೆ ಪೇಪರಿನ ಕ್ರೈಂ ಪುಟದಲ್ಲಿ ಬರೋ ದಾಳಿ ಸುದ್ದಿ, ಸಂಗೀತ ಅಂತ ಯಾರೂ ಅಂದ್ಕೊಳ್ಳಲ್ಲ. ಹಾಗಾಗಿ ಅಮ್ಮ ನೆಂಟರಿಗೆ ಹೇಳೋದು, "ಇವನು ಬೆಂಗಳೂರಲ್ಲಿ ಈವೆಂಟ್ ಮ್ಯಾನೇಜ್‌ಮೆಂಟು." ಮದುವೆ ಮಂಟಪ ಅಲಂಕಾರ ಮಾಡ್ತಾನೇನೋ ಅಂದ್ಕೊಂಡು ಇಬ್ಬರು ರೇಟು ಕೇಳಿ ಫೋನೂ ಮಾಡಿದ್ರು.

2020ರ ಸೆಪ್ಟೆಂಬರ್ ನೆನಪಿದೆಯಲ್ಲ. ಸಿಸಿಬಿ ಪೊಲೀಸರು ಡ್ರಗ್ಸ್ ಪ್ರಕರಣದಲ್ಲಿ ಸಿನಿಮಾದವರನ್ನ, ಪಾರ್ಟಿ ನಡೆಸೋರನ್ನ ಬಂಧಿಸಿದ ತಿಂಗಳು. ಲಾಕ್‌ಡೌನಿನಿಂದ ಕೆಲಸ ನಿಂತುಹೋಗಿ ನಾನು ಊರಲ್ಲೇ ಇದ್ದೆ. ಬೆಳಗ್ಗಿಂದ ರಾತ್ರಿವರೆಗೆ ಟಿವಿಯಲ್ಲಿ 'ಪಾರ್ಟಿ ಆರ್ಗನೈಸರ್', 'ಪಾರ್ಟಿ ಆರ್ಗನೈಸರ್'. ಅಪ್ಪ ಮುದ್ದೆ ತಿಂತಾ ಟಿವಿ ನೋಡ್ತಿದ್ದವರು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ್ರು: "ನಿಂದೂ ಇದೇನಾ?"

ಇಲ್ಲ ಅಂದೆ. ನಿಜಾನೇ ಹೇಳಿದೆ. ಆದ್ರೆ ನಂದು ಯಾವುದು ಅಂತ ಹೇಳೋಕೆ ಹೋದ್ರೆ ಮಾತು ಬರಲಿಲ್ಲ. ನಲವತ್ತು ವರ್ಷ ಕೊಬ್ಬರಿ ಮಾರಿದ ಮನುಷ್ಯ. ಹರಾಜಿಗೆ ಮುಂಚೆ ತಾವೇ ಚೀಲಕ್ಕೆ ಕೈ ಹಾಕಿ, "ಇದರಲ್ಲಿ ಒಂದಷ್ಟು ಕೌಟು ಇದೆ, ನೋಡ್ಕೊಳ್ಳಿ" ಅಂತಿದ್ದವರು. ಅವರಿಗೆ ನಾನು 'ವೈಬ್' ಮಾರ್ತೀನಿ ಅಂತ ಹೇಗೆ ಹೇಳಲಿ?

3/6

ಈ ಗ್ರೂಪ್ ಫೋಟೋಗೆ ಬಂದಷ್ಟು ಲೈಕು ಬೇರೆ ಯಾವುದಕ್ಕೂ ಬಂದಿಲ್ಲ. ನನ್ನ ಹುಟ್ಟಿದಹಬ್ಬ, ಮೂವತ್ತೆಂಟು ಜನ. ಟೇಬಲ್ ಫ್ರೀ ಇತ್ತು, ಅದನ್ನೂ ಬರ್ಕೊಳ್ಳಿ.

ಫೋನಲ್ಲಿ ನಾಲ್ಕು ಸಾವಿರ ನಂಬರಿದೆ. ಹೆಸರು ಸೇವ್ ಆಗಿರೋ ರೀತಿ ನೋಡಿದ್ರೆ ನಮ್ಮ ಸ್ನೇಹ ಎಂಥದ್ದು ಅಂತ ತಿಳಿಯುತ್ತೆ: 'ಕೋರಮಂಗಲ ಟೇಬಲ್', 'ಎಚ್‌ಎಸ್‌ಆರ್ 6 ಹುಡುಗೀರು', 'ಮಾನ್ಯತಾ ಆಫೀಸ್ ಗ್ಯಾಂಗ್', 'ಜಗಳ, ಹುಷಾರು'. ಇವರ ಹುಟ್ಟಿದಹಬ್ಬದ ತಾರೀಖು ನನಗೆ ಗೊತ್ತು, ಯಾರಿಗೆ ಯಾರ ಜೊತೆ ಬ್ರೇಕಪ್ ಆಯ್ತು ಅನ್ನೋದೂ ಗೊತ್ತು. ಯಾರ ಊರು ಯಾವುದು ಅಂತ ಮಾತ್ರ ಗೊತ್ತಿಲ್ಲ.

ಹಾಗಂತ ಇದೆಲ್ಲ ಸುಳ್ಳು ಸ್ನೇಹ ಅಂತ ನಾನು ಒಪ್ಪಲ್ಲ. ಅರ್ಧ ವ್ಯಾಪಾರ, ಅರ್ಧ ಪ್ರೀತಿ. ದಿನಸಿ ಅಂಗಡಿಯವರಿಗೂ ಗಿರಾಕಿಗೂ ಇರಲ್ವಾ, ಹಾಗೆ. ತಂಗಿ ಮದುವೆಗೆ ಹತ್ತು ಜನರನ್ನ ಕರೆದೆ, ನಾಲ್ಕು ಜನ ಬಂದ್ರು. ಅದರಲ್ಲೊಬ್ಬ ಬೌನ್ಸರ್, ನಾಗಮಂಗಲದ ಕಡೆಯವನು. ಊಟದ ಪಂಕ್ತಿ ಹೊತ್ತಿಗೆ ನೂಕುನುಗ್ಗಲು ಶುರುವಾಯ್ತು ನೋಡಿ, ಯಾರೂ ಹೇಳದೇನೇ ಹೋಗಿ ಬಾಗಿಲಲ್ಲಿ ನಿಂತ. "ಅಜ್ಜಿ, ನೀವು ಮೊದಲು ಬನ್ನಿ. ಅಣ್ಣ, ನಿಮ್ಮದು ಮುಂದಿನ ಪಂಕ್ತಿ." ಒಬ್ಬರಿಗೂ ಬೇಜಾರಾಗಲಿಲ್ಲ. ಅಪ್ಪನಿಗೆ ನನ್ನ ಕೆಲಸದ ಬಗ್ಗೆ ಸ್ವಲ್ಪವಾದ್ರೂ ಗೌರವ ಬಂದಿದ್ರೆ ಅದು ಅವತ್ತು, ಅವನಿಂದ.

4/6

ಇಲ್ಲಿ ಫೋಟೋ ಇಲ್ಲ. ಕಪ್ಪು ಸ್ಲೈಡ್ ಬೇಕಂತಲೇ ಹಾಕಿದ್ದೀನಿ.

ಒಂದು ಬುಧವಾರ ಲೇಡೀಸ್ ನೈಟಿಗೆ ಆಫೀಸಿನ ಐದು ಜನ ಹುಡುಗಿಯರು ಬಂದಿದ್ರು. ಅದರಲ್ಲೊಬ್ಬಳು ನನ್ನ ಜೊತೆ ಕನ್ನಡದಲ್ಲೇ ಮಾತಾಡಿದಳು, "ಅಣ್ಣ" ಅಂದಳು. ಮೊದಲ ಕೆಲಸ, ಪಿಜಿಯಲ್ಲಿ ವಾಸ. ಫೋಟೋಗ್ರಾಫರ್ ಎಂದಿನಂತೆ ಓಡಾಡ್ತಿದ್ದ. ಮಾರನೇ ದಿನ 20 ಸೆಕೆಂಡಿನ ರೀಲ್ ಬಂತು. ಅದರಲ್ಲಿ ಅವಳು ಇದ್ದದ್ದು ಎರಡು ಸೆಕೆಂಡ್. ನಗ್ತಾ ಇದ್ದಳು, ಕೈಯಲ್ಲಿ ಗ್ಲಾಸಿತ್ತು. ಗ್ಲಾಸಲ್ಲಿ ಏನಿತ್ತೋ ನಂಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. "ಬುಧವಾರ ಅಂದ್ರೆ ಹಿಂಗಿರ್ಬೇಕು" ಅಂತ ಬರೆದು ನಾನು ನನ್ನ ಪೇಜಲ್ಲಿ ಹಾಕಿದೆ.

ಗುರುವಾರ ಮಧ್ಯಾಹ್ನ ಅವಳ ಮೆಸೇಜ್ ಬಂದಿತ್ತು: "ಅಣ್ಣ, ಪ್ಲೀಸ್ ಆ ವಿಡಿಯೋ ತೆಗೀತೀರಾ?" ನಾವು ಮಲಗೋದೇ ಬೆಳಗಿನ ಜಾವ, ಏಳೋದು ಮಧ್ಯಾಹ್ನದ ಮೇಲೆ. ನಾನು ನೋಡಿದಾಗ ಸಂಜೆ. ಆಗಲೇ ತೆಗೆದಿದ್ರೂ ಸ್ವಲ್ಪ ಉಪಯೋಗ ಆಗ್ತಿತ್ತೇನೋ. ರೀಲ್ ಚೆನ್ನಾಗಿ ಓಡ್ತಿತ್ತು. ನಾನು ಬರೆದ ಉತ್ತರ ಇದು: "ಚೆನ್ನಾಗಿ ಕಾಣ್ತಿದ್ದೀರಾ ಅದರಲ್ಲಿ, ಇರ್ಲಿ ಬಿಡಿ." ಜೊತೆಗೊಂದು ನಗು ಮುಖ.

ಅಷ್ಟರಲ್ಲಿ ಯಾರೋ ಚಿಕ್ಕಪ್ಪನ ಮಗ ನೋಡಿ, ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಯಾಗಿತ್ತು. ಭಾನುವಾರ ಅವಳಣ್ಣ ಪಿಜಿಗೆ ಬಂದ. ಸಾಮಾನು ಕಟ್ಟಿಸಿಕೊಂಡು ಕರ್ಕೊಂಡು ಹೋದ. ಕೆಲಸ ಹೋಯ್ತು. ಅವಳ ಫ್ರೆಂಡ್ ಫೋನ್ ಮಾಡಿ ಇಷ್ಟೂ ಹೇಳಿದ ಮೇಲೆ ರೀಲ್ ಡಿಲೀಟ್ ಮಾಡಿದೆ. ಅವಳಿಗೆ ಕ್ಷಮೆ ಕೇಳಿ ಉದ್ದಕ್ಕೆ ಬರೆದೆ. ಆ ಮೆಸೇಜಿಗೆ ಇವತ್ತಿಗೂ ಒಂದೇ ಟಿಕ್.

ನಮ್ಮ ಪ್ರಮೋಟರ್ ಗೆಳೆಯರಿಗೆ ಹೇಳಿದಾಗ ಸಿಕ್ಕ ಉತ್ತರ: "ಪಬ್ಲಿಕ್ ಜಾಗ ಮಗಾ, ಫೋಟೋ ತೆಗೀತೀವಿ ಅಂತ ಬಾಗಿಲಲ್ಲೇ ಬೋರ್ಡ್ ಇದೆ." ಇದೆ, ಒಪ್ಪಿದೆ. ಕತ್ತಲಲ್ಲಿ, ಆರಡಿ ಬೌನ್ಸರ್ ಬೆನ್ನ ಹಿಂದೆ. ಇನ್ನೊಬ್ಬ ಅಂದ, ತಪ್ಪು ಅವಳ ಮನೆಯವರದ್ದು, ನಿಂದಲ್ಲ. ಅವರ ತಪ್ಪು ಅವರಿಗಿರಲಿ. ಅದೇ ರೀಲಲ್ಲಿ ಒಬ್ಬ ಹುಡುಗ ಎರಡು ಕೈಲೂ ಗ್ಲಾಸ್ ಎತ್ತಿ ಹಿಡಿದಿದ್ದ. ಅವನ ಊರಿನವರೂ ನೋಡಿದ್ರು, "ಬೆಂಕಿ ಮಗಾ" ಅಂತ ಕಾಮೆಂಟ್ ಮಾಡಿದ್ರು. ಒಂದೇ ಕ್ಯಾಮೆರಾ, ಒಂದೇ ರಾತ್ರಿ. ಈ ವ್ಯತ್ಯಾಸ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲ ಅನ್ನೋಕೆ ನಾನೇನು ಬೇರೆ ದೇಶದಲ್ಲಿ ಬೆಳೆದವನಾ? ನಮ್ಮನೆಯಲ್ಲೂ ತಂಗಿ ಇದ್ದಾಳೆ.

ಪ್ರಮೋಟರ್‌ಗಳು ಸೇರಿದ್ರೆ ಮಾತೆಲ್ಲ 'ನಮ್ಮ ಹೆಸರು' ಬಗ್ಗೇನೇ. ಯಾವ ಕ್ಲಬ್ ಜೊತೆ ಕಾಣಿಸ್ಕೋಬೇಕು, ಯಾರನ್ನ ಟ್ಯಾಗ್ ಮಾಡಬೇಕು, ಯಾರ ಜೊತೆ ಫೋಟೋ ಬೇಡ, ಕೆಟ್ಟ ರಿವ್ಯೂ ಬಂದ್ರೆ ಏನು ಮಾಡೋದು. ನನ್ನ ಅಭಿಪ್ರಾಯ ಕೇಳಿದ್ರೆ, ನಮಗೆ ಅಂತ ಹೆಸರೇ ಇಲ್ಲ. ಲಿಸ್ಟಲ್ಲಿ ಇರೋ ಇನ್ನೂರು ಹೆಸರು ಒಂದು ರಾತ್ರಿ ಮಟ್ಟಿಗೆ ನಮ್ಮ ಕೈಲಿರುತ್ತೆ, ನಾವು ಅದನ್ನ ಹೆಂಗೆ ವಾಪಸ್ ಕೊಟ್ವಿ ಅನ್ನೋದಷ್ಟೇ ನಮ್ಮ ಹೆಸರು.

5/6

ಬಾಗಿಲಿನ ಹಗ್ಗ. ಇಲ್ಲಿ ಎರಡು ನಿಮಿಷ ನಿಂತ್ರೆ ಸಾಕು, ಊರು ಅರ್ಥ ಆಗುತ್ತೆ.

2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟಿದ್ದ ರೈತರೊಬ್ಬರನ್ನ ಒಳಗೆ ಬಿಡಲಿಲ್ಲ. ಎಲ್ಲರೂ ಸಿಟ್ಟಾದ್ರು, ಸರ್ಕಾರ ಮಾಲನ್ನ ಕೆಲವು ದಿನ ಮುಚ್ಚಿಸ್ತು. ನಾನೂ ಸ್ಟೋರಿ ಹಾಕಿದೆ: "ನಮ್ಮಪ್ಪನೂ ಪಂಚೆನೇ." ಅದೇ ವಾರ ಚಪ್ಪಲಿ ಹಾಕ್ಕೊಂಡು ಬಂದ ಇಬ್ಬರನ್ನ ಡ್ರೆಸ್ ಕೋಡ್ ಅಂತ ವಾಪಸ್ ಕಳಿಸಿದೆ. ಅವರು ಕನ್ನಡದಲ್ಲಿ ಕೇಳಿದ್ರೆ ನಾನು ಇಂಗ್ಲಿಷಲ್ಲಿ ಉತ್ತರ ಕೊಟ್ಟೆ. ಯಾಕೆ ಕೊಟ್ಟೆ? ಇಂಗ್ಲಿಷಲ್ಲಿ 'ಆಗಲ್ಲ' ಅನ್ನೋದು ನಾಲಿಗೆಗೆ ಸುಲಭ, ಅದಕ್ಕೆ.

ಕೆಲವು 'ಆಗಲ್ಲ' ಹೇಳಲೇಬೇಕು. ವಯಸ್ಸು 21 ಆಗದವರು ಫೋನಲ್ಲಿ ತಿದ್ದಿದ ಐಡಿ ತೋರಿಸ್ತಾರೆ, ಅವರಿಗೆ ಇಲ್ಲ ಅಂದ್ರೆ ಇಲ್ಲ. ನನ್ನ ಸಿಟ್ಟಿರೋದು ಸುಳ್ಳು 'ಆಗಲ್ಲ' ಬಗ್ಗೆ. ಒಳಗೆ ಅರ್ಧ ಖಾಲಿ ಇದ್ರೂ "ಫುಲ್ ಆಗಿದೆ ಸರ್" ಅನ್ನೋದು. ಹೇಳಿಸೋದು ಒಳಗಿನವರು, ಹೇಳೋದು ನಮ್ಮ ಬಾಯಿ, ಬೈಸ್ಕೊಳ್ಳೋದೂ ನಾವೇ.

ಇನ್ನು ಮನೆಗೆ ಹೋಗೋ ವಿಷಯ. ಒಂದು ಕಾಲಕ್ಕೆ ಬೆಂಗಳೂರಲ್ಲಿ ರಾತ್ರಿ 11:30ಕ್ಕೆ ಶಟರ್ ಎಳೀತಿದ್ರು. 2014ರಲ್ಲಿ ವಾರಾಂತ್ಯಕ್ಕೆ 1 ಗಂಟೆವರೆಗೆ ಅಂತ ಶುರುವಾಯ್ತು, 2024ರಲ್ಲೂ 1 ಗಂಟೆ ಅಂತಲೇ ಮತ್ತೊಂದು ಸರ್ಕಾರಿ ಆದೇಶ ಬಂತು. ಆದ್ರೆ ಮೆಟ್ರೋ ಸಾಮಾನ್ಯ ದಿನಗಳಲ್ಲಿ ಹನ್ನೊಂದರ ಆಸುಪಾಸಿಗೇ ಮುಗಿದುಹೋಗುತ್ತೆ. ರಾತ್ರಿ 1 ಗಂಟೆಗೆ ಎಲ್ಲರನ್ನೂ ಒಟ್ಟಿಗೆ ರಸ್ತೆಗೆ ಬಿಡ್ತೀವಿ, ಕ್ಯಾಬಿನ ರೇಟು ಎರಡರಷ್ಟು, ಆಟೋದವರು ಬಾಯಿಗೆ ಬಂದಷ್ಟು ಕೇಳ್ತಾರೆ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಮಕ್ಕಳಿಗೆ ಆದ ಕಿರುಕುಳದ ಸುದ್ದಿ ದೇಶವೆಲ್ಲ ಓಡ್ತು. ಆಗಲೂ ಕೇಳಿದ್ದು "ಇವರು ಯಾಕೆ ಹೋಗಿದ್ರು" ಅಂತ. ಕರೆದವರು ಯಾರು ಅಂತ ಯಾರೂ ಕೇಳಲಿಲ್ಲ. ಕರೆಯೋರು ನಾವು. ನಮ್ಮ ದುಡ್ಡಿನ ಲೆಕ್ಕ ಮಾತ್ರ ಒಳಗೆ ಬಂದ ತಲೆಗೆ, ಮನೆ ಸೇರಿದ ತಲೆಗಲ್ಲ.

6/6

ಕೊನೇ ಫೋಟೋ, ಹಸಿರು ಮತ್ತು ಬಿಳಿ ರಿಸ್ಟ್‌ಬ್ಯಾಂಡ್. ಬಿಳಿ ಕಟ್ಟಿದವರ ಕಡೆ ಕ್ಯಾಮೆರಾ ತಿರುಗಬಾರದು. ರೀಲ್ ಹಾಕೋ ಮುಂಚೆ ನಾನೇ ಕೂತು ನೋಡ್ತೀನಿ, ಬಿಳಿ ಕೈ ಕಂಡ್ರೆ ಆ ತುಣುಕು ಕಟ್. ತೆಗೀರಿ ಅಂತ ಮೆಸೇಜ್ ಬಂದ್ರೆ ಮೊದಲು ತೆಗೀತೀನಿ, ಆಮೇಲೆ ಓದ್ತೀನಿ.

ಇದರಿಂದ ನಷ್ಟ ಇಲ್ವಾ? ಇದೆ. ಒಂದು ಜಾಗದವರು, "ಹುಡುಗಿಯರ ಮುಖ ಇಲ್ಲದ ರೀಲ್ ಯಾರಿಗೆ ಬೇಕು" ಅಂತ ಬುಧವಾರವನ್ನ ಇನ್ನೊಬ್ಬನಿಗೆ ಕೊಟ್ರು. ಅವನ ರೀಲ್ ನಂದಕ್ಕಿಂತ ಚೆನ್ನಾಗಿ ಓಡ್ತಿದೆ, ಸುಳ್ಳು ಹೇಳಲ್ಲ. ಲೇಡೀಸ್ ನೈಟ್ ನಾನು ಬಿಟ್ಟೂ ಇಲ್ಲ, ಬಾಡಿಗೆ ಕಟ್ಟಬೇಕು. ಗಂಡಸರೂ ಬಿಳಿ ಬ್ಯಾಂಡ್ ಕೇಳೋಕೆ ಶುರು ಮಾಡಿದ್ದಾರೆ. ಹೆಚ್ಚಿನವರು ಆಫೀಸಿಗೆ ಹುಷಾರಿಲ್ಲ ಅಂತ ರಜೆ ಹಾಕಿ ಬಂದವರು, ಒಬ್ಬಿಬ್ಬರದು ಬೇರೆ ಕಥೆ. ಅದೆಲ್ಲ ನನಗ್ಯಾಕೆ, ಕಟ್ಟಿ ಕಳಿಸ್ತೀನಿ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಪ್ಪನಿಗೆ ಆ ಹುಡುಗಿ ವಿಷಯ ಹೇಳಿದೆ. ಪೂರ್ತಿ ಕೇಳಿದ್ರು. "ಅವಳಿಗೆ ಈಗ ಕೆಲಸ ಇದೆಯಾ?" ಅಂದ್ರು. ಗೊತ್ತಿಲ್ಲ ಅಂದೆ. ಎದ್ದು ಒಳಗೆ ಹೋದ್ರು.

ಈ ಶನಿವಾರದ ಲಿಸ್ಟ್ ರಾತ್ರಿ 8ಕ್ಕೆ ಕ್ಲೋಸ್. ಹೆಸರು, ಎಷ್ಟು ಜನ ಅಂತ ಕಳಿಸಿ. ಚಪ್ಪಲಿ ನಡೆಯುತ್ತೆ, ಒಳಗಿನವರ ಹತ್ರ ಮಾತಾಡಿದ್ದೀನಿ. ಫೋಟೋ ಬೇಡ ಅನ್ನೋರು ಹೆಸರಿನ ಮುಂದೆ ಒಂದು ಚುಕ್ಕೆ ಇಡಿ. ಯಾಕೆ ಅಂತ ಕೇಳಲ್ಲ.

#ಲಿಸ್ಟಲ್ಲಿಹೆಸರು #ಬೆಂಗಳೂರುರಾತ್ರಿ #ಬಿಳಿಬ್ಯಾಂಡ್