ಆರು ತಿಂಗಳು ಕೆಡದೆ ಕುಂತ ಗಡ್ಡೆಯೇ ಬೀಜದ ಗಡ್ಡೆ

ಅಬ್ಬಿಗೇರಿ, ನರೇಗಲ್ಲ, ರೋಣದ ಕಡೆ ಮುಂಗಾರಿನಲ್ಲಿ ಉಳ್ಳಾಗಡ್ಡಿ ಬೆಳೆಯೋದು ಯಾರಿಗೂ ಹೊಸದಲ್ಲ. ಆದರೆ ಲಾರಿಗಟ್ಟಲೆ ಕಳಿಸಿದ ಮನೆಯವರೇ ಬೇಸಿಗೆ ಕಳೆದ ಮೇಲೆ ರೊಟ್ಟಿ ಜೊತೆ ತಿನ್ನಲಿಕ್ಕೆ ಸಂತೆಯಲ್ಲಿ ಕೆಜಿ ಲೆಕ್ಕದಲ್ಲಿ ಉಳ್ಳಾಗಡ್ಡಿ ಕೊಳ್ತಾರೆ. ಪ್ರಶ್ನೆ ಆ ಇಪ್ಪತ್ತು ಮೂವತ್ತು ರೂಪಾಯಿಯದಲ್ಲ. ಬೆಳೆಯೋದು ನಮಗೆ ಗೊತ್ತು, ಇಡೋದು ಗೊತ್ತಿಲ್ಲ. ಅದನ್ನ ಹಿತ್ತಲಿನಿಂದಲೇ ಕಲಿಯಬೇಕು ಅನ್ನೋದು ನನ್ನ ವಾದ.

2022ರ ನವೆಂಬರ್ ನೆನಪಿಸಿಕೊಳ್ಳಿ. ನಮ್ಮದೇ ಗದಗ ಜಿಲ್ಲೆ ತಿಮ್ಮಾಪುರದ ರೈತರೊಬ್ಬರು 205 ಕೆಜಿ ಉಳ್ಳಾಗಡ್ಡಿಯನ್ನ ಬೆಂಗಳೂರಿನ ಯಶವಂತಪುರಕ್ಕೆ ಒಯ್ದು ಮಾರಿದ್ರು. ಕ್ವಿಂಟಲ್‌ಗೆ 200 ರೂಪಾಯಿ. ಬಾಡಿಗೆ, ಹಮಾಲಿ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಬಿಲ್ಲು ಎಲ್ಲರ ಫೋನಿನಲ್ಲೂ ಓಡಾಡಿತು. "ರೇಟ್ ಬರೋ ತನಕ ಇಟ್ಟುಕೊಳ್ಳಬೇಕಿತ್ತು" ಅಂದವರೂ ಇದ್ರು. ಹೇಗೆ ಇಡ್ತಾರೆ? ಮಳೆಗಾಲದ ಗಡ್ಡೆಯ ಕುತ್ತಿಗೆ ದಪ್ಪ, ಸಿಪ್ಪೆ ತೆಳುವು, ಒಳಗೆ ನೀರು ಹೆಚ್ಚು. ಮುಂಗಾರಿನ ಒಳ್ಳೆ ತಳಿ ಅನ್ನಿಸಿಕೊಂಡ ಭೀಮಾ ಸೂಪರ್ ಕೂಡ ತಿಂಗಳು, ಒಂದೂವರೆ ತಿಂಗಳಿನ ಆಟ. ಸಹಾಯಧನದ ಶೆಡ್ಡು ಕಟ್ಟಿಸಿ ಅದರಲ್ಲಿ ಇಂಥ ಗಡ್ಡೆ ತುಂಬಿದರೆ ಶೆಡ್ಡಿನಲ್ಲಿ ಕೊಳೀತದೆ, ಅಷ್ಟೇ ವ್ಯತ್ಯಾಸ.

ಕೆಡದೆ ಉಳಿಯೋದು ಹಿಂಗಾರಿನದು. ಬೆಂಗಳೂರು ಹೆಸರಘಟ್ಟದ ಸಂಸ್ಥೆಯ ಅರ್ಕಾ ನಿಕೇತನ, ಪುಣೆ ಹತ್ತಿರ ರಾಜಗುರುನಗರದ ಉಳ್ಳಾಗಡ್ಡಿ-ಬೆಳ್ಳುಳ್ಳಿ ನಿರ್ದೇಶನಾಲಯದ ಭೀಮಾ ಶಕ್ತಿ, ಭೀಮಾ ಕಿರಣ್, ಇವು ಸರಿಯಾಗಿ ಒಣಗಿಸಿದರೆ ಐದಾರು ತಿಂಗಳು ಇರ್ತಾವೆ. ಬೀಜ ಎಲ್ಲಿ ಸಿಗ್ತದೆ ಅಂತ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಒಂದು ಫೋನ್ ಮಾಡಿ ಕೇಳಿ. ಯೂಟ್ಯೂಬ್ ನೋಡಿ ವಿದೇಶಿ ಪ್ಯಾಕೆಟ್ ತರಿಸೋ ಚಟ ಮಾತ್ರ ಬೇಡ. ಚಳಿದೇಶದ ಆ ತಳಿಗಳು ಗಡ್ಡೆ ಕಟ್ಟಲಿಕ್ಕೆ 14ರಿಂದ 16 ತಾಸಿನ ಹಗಲು ಬೇಕು. ನಮ್ಮಲ್ಲಿ ಜೂನ್‌ನಲ್ಲೂ ಹಗಲು 13 ತಾಸಿನ ಆಸುಪಾಸು. ತಪ್ಪಲು ಚೆನ್ನಾಗಿ ಬರ್ತದೆ, ಪಲ್ಯಕ್ಕಾಗ್ತದೆ!

ಜಾಗ ಎಷ್ಟು ಬೇಕು? ಹತ್ತು ಅಡಿಗೆ ಹತ್ತು ಅಡಿ ಸಾಕು. ಸಾಲಿನಿಂದ ಸಾಲಿಗೆ 15 ಸೆಂ.ಮೀ., ಸಸಿಯಿಂದ ಸಸಿಗೆ 10 ಸೆಂ.ಮೀ. ಬಿಟ್ಟರೆ ಸುಮಾರು 600 ಸಸಿ ಹಿಡೀತಾವೆ. ಗಡ್ಡೆಗೆ 60-70 ಗ್ರಾಂ ಅಂದರೂ 35-40 ಕೆಜಿ. ಐದು ಗ್ರಾಂ ಬೀಜ ಸಾಕಾಗ್ತದೆ. ಅಕ್ಟೋಬರ್ ನಡುವೆ ಎತ್ತರದ ಮಡಿ ಮಾಡಿ, ಸಾಲಿನಲ್ಲಿ ಒಂದು ಸೆಂ.ಮೀ. ಆಳಕ್ಕೆ ಬೀಜ ಬಿಟ್ಟು, ಪುಡಿ ಗೊಬ್ಬರ ಮುಚ್ಚಿ. ಎರೆ ಮಣ್ಣಾದರೆ ಮಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ನಿಂತರೆ ಸಸಿ ಬುಡ ಕೊಳೀತದೆ. ಆರೇಳು ವಾರಕ್ಕೆ ನಾಟಿ, ಮಾರ್ಚ್ ಕೊನೆ ಅಥವಾ ಏಪ್ರಿಲ್‌ಗೆ ಕೀಳೋದು.

ನಮ್ಮವರು ಕೆಡಿಸೋದು ಕೊನೆಯ ನಲವತ್ತು ದಿನದಲ್ಲಿ. ಗಡ್ಡೆ ದಪ್ಪ ಆಗಲಿ ಅಂತ ತಡವಾಗಿ ಯೂರಿಯಾ ಹಾಕ್ತಾರೆ. ಗಡ್ಡೆ ದಪ್ಪ ಆಗ್ತದೆ, ಜೊತೆಗೆ ಕುತ್ತಿಗೆಯೂ ದಪ್ಪ ಆಗ್ತದೆ, ಮುಚ್ಚಿಕೊಳ್ಳೋದಿಲ್ಲ, ಕೊಳೆ ಇಳಿಯೋದು ಅಲ್ಲಿಂದಲೇ. ನಾಟಿಯಾಗಿ ಎರಡು ತಿಂಗಳಾದ ಮೇಲೆ ಸಾರಜನಕ ಬೇಡವೇ ಬೇಡ. ಕೀಳೋ ಹತ್ತು-ಹದಿನೈದು ದಿನ ಮೊದಲು ನೀರು ಬಂದ್ ಮಾಡಿ. ಅರ್ಧ ಸಸಿಗಳ ಕುತ್ತಿಗೆ ತಾನಾಗೇ ಬಾಗಿದಾಗ ಕಿತ್ತು, ಒಂದರ ತಪ್ಪಲು ಇನ್ನೊಂದರ ಗಡ್ಡೆ ಮೇಲೆ ಬರೋ ಹಾಗೆ ಹಾಸಿ ಮೂರು ದಿನ ಬಿಡಿ. ಆಮೇಲೆ ಎರಡು ಸೆಂ.ಮೀ. ಕುತ್ತಿಗೆ ಬಿಟ್ಟು ತಪ್ಪಲು ಕೊಯ್ದು, ನೆರಳಿನಲ್ಲಿ ಹತ್ತು-ಹನ್ನೆರಡು ದಿನ. ಜೋಡಿ ಗಡ್ಡೆ, ದಪ್ಪ ಕುತ್ತಿಗೆಯದು, ಪೆಟ್ಟು ಬಿದ್ದದ್ದು ಬೇರೆ ಮಾಡಿ ಮೊದಲು ತಿನ್ನಿ. ಉಳಿದದ್ದನ್ನ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ. ಗಾಳಿಯಾಡೋ ಬಿದಿರಿನ ಬುಟ್ಟಿ, ಜಾಳಿಗೆ ಯಾವುದಾದರೂ ನಡೀತದೆ. ವಾರಕ್ಕೊಮ್ಮೆ ಕೈಯಾಡಿಸಿ ಕೊಳೆತದ್ದು ತೆಗೀರಿ.

"ಇಷ್ಟೆಲ್ಲಾ ಮಾಡಿ 35 ಕೆಜಿಯೇ?" ಅಂತ ನಗೋರಿಗೆ ಹೇಳೋದು ಇಷ್ಟೇ: ಲಾಭ ಇರೋದು ಬೀಜದಲ್ಲಿ. ಜೂನ್, ಜುಲೈನ ತಂಪಿಗೆ ಕೆಲವು ಗಡ್ಡೆ ಮೊಳಕೆ ಒಡೀತಾವೆ, ಕೆಲವು ಕೊಳೀತಾವೆ. ಅಕ್ಟೋಬರ್‌ಗೆ ಬುಟ್ಟಿಯಲ್ಲಿ ಗಟ್ಟಿಯಾಗಿ ಉಳಿದದ್ದನ್ನ ನೀವು ಆರಿಸಬೇಕಾಗಿಲ್ಲ, ಆರು ತಿಂಗಳೇ ಆರಿಸಿಕೊಟ್ಟಿದೆ. ಅವುಗಳಲ್ಲಿ ಒಂದೇ ಬಣ್ಣ, ಸಣ್ಣ ಕುತ್ತಿಗೆಯ 25-30 ಗಡ್ಡೆ ತಿನ್ನದೆ ಇಟ್ಟು, ನವೆಂಬರ್‌ನಲ್ಲಿ ಒಂದು ಮೂಲೆಗೆ ನೆಡಿ. ನಾಲ್ಕೈದು ಗಡ್ಡೆಯಿಂದಷ್ಟೇ ಬೀಜ ಮಾಡಿದರೆ ಮುಂದೆ ತಳಿ ಸೊರಗ್ತದೆ. ಮೊದಲ ವರ್ಷವೇ ಹೂ ಬಿಟ್ಟ ಸಸಿಯಿಂದ ಬೀಜ ಹಿಡೀಬೇಡಿ, ಆ ಗುಣವೇ ಮುಂದುವರೀತದೆ. ಹೈಬ್ರಿಡ್ ಆಗಿದ್ದರೆ ಈ ಕೆಲಸಕ್ಕೇ ಕೈ ಹಾಕಬೇಡಿ. ಪರಾಗ ಸಾಗಿಸೋದು ಜೇನ್ನೊಣ, ಅದಕ್ಕೆ ಬದುವಿನ ಹಂಗಿಲ್ಲ. ಅಕ್ಕಪಕ್ಕ ಬೇರೆ ತಳಿ ಹೂವಿಗೆ ಬಂದಿದ್ದರೆ ಬೆರಕೆ ಆಗ್ತದೆ. ಹೂವಿನ ಹೊತ್ತಿಗೆ ಔಷಧಿ ಹೊಡೆದರೆ ಜೇನೂ ಇಲ್ಲ, ಬೀಜವೂ ಇಲ್ಲ.

ಹೂವಿನ ಚೆಂಡು ಒಡೆದು ಕಪ್ಪು ಬೀಜ ಇಣುಕಿದ ಕೂಡಲೇ ಕೊಯ್ದು, ಒಣಗಿಸಿ, ಉಜ್ಜಿ, ಗಾಳಿ ಹೋಗದ ಡಬ್ಬಿಗೆ ಹಾಕಿ, ಮೇಲೆ ತಳಿ ಮತ್ತು ವರ್ಷ ಬರೀರಿ. ಉಳ್ಳಾಗಡ್ಡಿ ಬೀಜದ ಮೊಳಕೆ ವರ್ಷ ದಾಟಿದರೆ ಬೇಗ ಬೀಳ್ತದೆ, ಹಾಗಾಗಿ ಆ ಅಕ್ಟೋಬರ್‌ಗೇ ಬಿತ್ತಿ. ನಿಮ್ಮ ಮಡಿಗೆ ಬೇಕಾದ್ದು ಐದು ಗ್ರಾಂ. ಮಿಕ್ಕಿದ್ದನ್ನ ಅಷ್ಟಷ್ಟೇ ಪೊಟ್ಟಣ ಮಾಡಿ ಓಣಿಯ ನಾಲ್ಕು ಮನೆಗೆ ಕೊಡಬಹುದು.